ಕಡೆಯ ಪಾಳಿಯ ಊಟ



ಈ ಹೊಸರಿತ್ತಿ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರು. ಗಾಂಧಿಯ ಹೆಸರಿನ ಗುರುಕುಲವೂ ಇಲ್ಲಿದೆ. ಅನ್ನವನ್ನು ಬೆಳೆಯುವುದು ಹೇಗೆಂದು ಹೊಸರಿತ್ತಿಯವರಿಗೆ ಯಾರೂ ಬಂದು ಹೇಳಬೇಕಾಗಿಲ್ಲ. ಇಲ್ಲಿ ಮಾತಾಡಲು ನನಗೆ ಕೊಟ್ಟ ವಿಷಯ ತಾಯಿ ಮತ್ತು ಕೂಸಿನ ಅಪೌಷ್ಟಿಕತೆ. ಅದರಲ್ಲಿ ನಾನು ಹಿಡಿಯುವ ಎಳೆ ಒಂದೇ: ಮನೆಗೆ ಬಂದ ಅನ್ನ ಯಾರ ಗಂಗಾಳಕ್ಕೆ, ಎಷ್ಟು ಹೊತ್ತಿಗೆ ಬೀಳುತ್ತದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 36.2 ಇತ್ತು. ಅಂದರೆ ಹೆಚ್ಚು ಕಡಿಮೆ ಇದ್ದಲ್ಲೇ ಇದ್ದೇವೆ. ಮಕ್ಕಳ ರಕ್ತಹೀನತೆಯಂತೂ ಶೇ. 60.9ರಿಂದ 65.5ಕ್ಕೆ ಏರಿದೆ. ಈ ಎರಡೂ ಸಮೀಕ್ಷೆಗಳಿಗೆ ಮೊದಲೇ ರೇಷನ್ ಅಕ್ಕಿ ಬಂದಿತ್ತು, ಅಂಗನವಾಡಿಗೆ ಹಾಲು ಬಂದಿತ್ತು, 2017ರ ಅಕ್ಟೋಬರ್ 2ರಂದು ಬಸುರಿ-ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯೂ ಬಂತು. ಇಷ್ಟೆಲ್ಲ ಬಂದರೂ ಕೂಸಿನ ರಕ್ತ ಏಕೆ ತೆಳುವಾಯಿತು?

ಉತ್ತರದ ಒಂದು ತುಂಡು ನಮ್ಮ ಹೊಲದಲ್ಲಿದೆ. ಜೋಳದ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದ ಕಾಲವನ್ನು ಇಲ್ಲಿಯ ಹಿರಿಯರು ಬಲ್ಲರು. ಮಡಿಕೆ, ಹೆಸರು, ಗುರೆಳ್ಳು, ಅಂಚಿಗೆ ಪುಂಡಿ. ಅದು ಪೇಟೆಗೆ ಹೋಗುವ ಮಾಲಲ್ಲ, ಹೆಂಗಸರ ಸೆರಗಿನಲ್ಲಿ ಮನೆಗೆ ಬರುವ ಮಾಲು. ಈಗ ಹಾವೇರಿ ಸೀಮೆಯ ತುಂಬ ಗೋವಿನಜೋಳ. ಅದರಲ್ಲಿ ರೊಕ್ಕ ಇದೆ, ನಾನು ಹಳಿಯುವುದಿಲ್ಲ. ಆದರೆ ಗೋವಿನಜೋಳ ಕೋಳಿಗೆ ಹೋಗುತ್ತದೆ, ಅಕ್ಕಡಿ ಕಾಳು ಸಾರಿಗೆ ಬರುತ್ತಿತ್ತು. ಕಾಳು ಕೊಂಡು ತರಬೇಕಾದ ಮನೆಯಲ್ಲಿ ಸಾರು ತೆಳ್ಳಗಾಗುತ್ತದೆ, ಆ ತೆಳ್ಳನೆಯ ಸಾರಿನ ತಳವೂ ಕಡೆಯ ಪಾಳಿಗೆ ಉಳಿದಿರುವುದಿಲ್ಲ.

ಕಡೆಯ ಪಾಳಿ ಯಾರದೆಂದು ಕೇಳಬೇಡಿ. ಬಸುರಿ ಸೊಸೆಯನ್ನು ‘ಉಂಡಿಯೇನವ್ವಾ’ ಎಂದರೆ ‘ಎಲ್ಲಾರದೂ ಆಗ್ಲಿ, ಆಮ್ಯಾಲೆ ಉಣ್ತೀನ್ರೀ’ ಅನ್ನುತ್ತಾಳೆ. ಚೊಚ್ಚಲ ಬಸುರಿಗೆ ಕುಬಸ ಮಾಡುತ್ತೇವೆ, ಬಯಕೆ ಬುತ್ತಿ ಕಟ್ಟಿಕೊಂಡು ಬಳಗವೆಲ್ಲ ಬರುತ್ತದೆ. ಆ ಒಂದು ದಿನದ ಊಟಕ್ಕೆ ಎಣೆಯಿಲ್ಲ. ಎರಡನೆಯ ಬಸುರಿಗೆ ಕುಬಸವೂ ಇಲ್ಲ, ವಿಚಾರಿಸುವವರೂ ಕಡಿಮೆ. ಜೊತೆಗೆ ‘ಬಾಳ ಉಂಡ್ರ ಕೂಸು ದಪ್ಪ ಆಗಿ ಹೆರಿಗಿ ಬಿಗಿ ಆಕ್ಕೈತಿ’ ಎಂಬ ಹೆದರಿಕೆ. ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಗುವ ಕೂಸು ಹುಟ್ಟಿದಾಗ ಆ ಹೆದರಿಕೆ ಹುಟ್ಟಿಸಿದವರು ಯಾರೂ ಉತ್ತರ ಕೊಡಲು ಬರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಲೆಕ್ಕ ನೋಡಿ. ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಹಾಲೂಡಿಸುವ ಬಾಣಂತಿಗೆ ಮೊದಲ ಆರು ತಿಂಗಳು 600. ನಮ್ಮ ಕಾಳಜಿ ಮಾತ್ರ ಹೆರಿಗೆಯಾದ ಮೇಲೆ ಕೂಸಿನ ಕಡೆ ಹೊರಳುತ್ತದೆ. ಬಾಣಂತಿಯ ಅಂಟಿನುಂಡಿ, ಕೊಬ್ಬರಿ, ಸಬ್ಬಸಗಿ ಪಲ್ಯ, ಅಳವಿ ಪಾಯಸ ಇವೆಲ್ಲ ಒಳ್ಳೆಯವೇ, ಮುದುಕಿಯರ ಆ ಜ್ಞಾನವನ್ನು ನಾನು ಕೈಬಿಡುವವನಲ್ಲ. ನೀರು ಕೊಡಬೇಡಿ, ಕಾಯಿಪಲ್ಲೆ ಬೇಡ, ಬೇಳೆ ಬೇಡ ಎನ್ನುವ ಪಥ್ಯವನ್ನು ಮಾತ್ರ ಬಿಡಬೇಕು. ಕಬ್ಬಿಣದ ಗುಳಿಗೆ ನುಂಗಿದ ಕೂಡಲೆ ಚಹಾ ಕುಡಿಯುವ ರೂಢಿಯನ್ನೂ ಬಿಡಬೇಕು. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಲಿಂಬೆ ಹುಳಿ ಹತ್ತಿಸುತ್ತದೆ.

ಮಾತೃಪೂರ್ಣದ ಬಿಸಿಯೂಟ ಅಂಗನವಾಡಿಗೆ ಹೋಗಿ ಉಣ್ಣುವಂಥದು ಎನ್ನುವುದೇ ಅದರ ಗುಣ. ಅಲ್ಲಿ ಬಡಿಸಿದ್ದನ್ನು ಅವಳೇ ಉಣ್ಣುತ್ತಾಳೆ, ಮನೆಗೆ ಬಂದರೆ ಪಾಲಾಗುತ್ತದೆ. ತೊಡಕೂ ಅದೇ. ‘ಮನ್ಯಾಗ ಊಟ ಇಲ್ಲೇನು’ ಎಂದು ಜನ ಅಂದಾರೆಂಬ ಮರ್ಯಾದೆ, ಹಸಿ ಬಾಣಂತಿ ಹೊಸಲು ದಾಟಬಾರದೆಂಬ ಕಟ್ಟಲೆ. ಅತ್ತೆಯವರು ಒಂದು ದಿನ ಸೊಸೆಯ ಜೊತೆ ಅಂಗನವಾಡಿಗೆ ನಡೆದು ಬಂದರೆ ಅರ್ಧ ತೊಡಕು ಬಿಡುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಹೆಸರು ಎರಡೂ ಊರಿನ ಅಂಗನವಾಡಿ ಪುಸ್ತಕದಲ್ಲಿ ತಪ್ಪದಂತೆ ನೋಡಿಕೊಳ್ಳುವುದು ಬೀಗರಿಬ್ಬರ ಕೆಲಸ.

ನಿಜವಾದ ಕಂದಕ ಇರುವುದು ಕೂಸಿನ ಆರು ತಿಂಗಳಿಂದ ಎರಡು ವರ್ಷದವರೆಗೆ. ಎದೆಹಾಲೊಂದೇ ಸಾಲದು, ಅಂಗನವಾಡಿಯ ಊಟಕ್ಕೆ ಕೂರುವ ವಯಸ್ಸೂ ಅಲ್ಲ. ಅಂಗನವಾಡಿಯಿಂದ ಮನೆಗೆ ಕೊಡುವ ಹಿಟ್ಟಿನ ಪಾಕೀಟು ಎಲ್ಲರ ಬಾಯಿಗೂ ಹಂಚಿಹೋಗುತ್ತದೆ. ಕೂಸಿನ ಹೊಟ್ಟೆ ಸಣ್ಣದು, ತೆಳ್ಳನೆಯ ಗಂಜಿ ಕುಡಿಸಿದರೆ ನೀರಿನಿಂದಲೇ ತುಂಬಿಬಿಡುತ್ತದೆ. ಗಟ್ಟಿ ಮಾಡಿದರೆ ನುಂಗಲಾರದು. ಇದಕ್ಕೆ ರಾಗಿಯನ್ನೋ ಹೆಸರನ್ನೋ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ನಮ್ಮ ಹಳೆಯ ಉಪಾಯವೇ ಸರಿ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ಬಿಗಿಯಾಗದು. ಮೇಲೊಂದು ಚಮಚ ತುಪ್ಪ ಅಥವಾ ಶೇಂಗಾ ಪುಡಿ ಕಲಸಿ. ಒಂಬತ್ತು ತಿಂಗಳು ತುಂಬಿದ ಮೇಲೆ ದಿನಕ್ಕೆ ಮೂರು-ನಾಲ್ಕು ಸಲ ಉಣಿಸಬೇಕು. ಮೊಟ್ಟೆ ತಿನ್ನುವ ಮನೆಯವರು ಮೊಟ್ಟೆ ಕೊಡಿ. ತಿನ್ನದ ಮನೆಗಳು ನಮ್ಮಲ್ಲಿ ಬಹಳ, ಅಲ್ಲಿ ಹಾಲು, ಮೊಸರು, ಕಾಳು ಹೆಚ್ಚಬೇಕು. ಅಂಗಡಿಯ ಐದು ರೂಪಾಯಿ ಪಾಕೀಟು ಅಳು ನಿಲ್ಲಿಸುತ್ತದೆ, ಊಟವನ್ನೂ ನಿಲ್ಲಿಸುತ್ತದೆ.

ಮೂರು-ನಾಲ್ಕು ಸಲ ಉಣಿಸುವವರು ಯಾರು? ರಾಣೇಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರು ಬೆಳಗ್ಗೆಯೇ ಹೂವಿಗೆ ಪರಾಗ ಮುಟ್ಟಿಸಬೇಕು, ಬಿಸಿಲೇರಿದರೆ ಕೆಲಸ ಕೆಡುತ್ತದೆ. ಕೂಸಿಗೆ ಹಸಿವಾಗುವುದೂ ಅದೇ ಹೊತ್ತಿಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು ಆ ಖಾರದ ಕೈಯಲ್ಲಿ ಕೂಸನ್ನು ಎದೆಗೆ ಹಚ್ಚುವಂತಿಲ್ಲ. ಇಂಥವಳಿಗೆ ‘ಆಗಾಗ ಉಣಿಸವ್ವಾ’ ಎಂದು ಭಿತ್ತಿಪತ್ರ ಅಂಟಿಸಿ ಹೋಗುವುದು ನನಗೆ ನಾಚಿಕೆಯ ಸಂಗತಿಯಾಗಿ ಕಾಣುತ್ತದೆ.

2023ರಿಂದ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳು ಬಂದಿವೆ, ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ನೋಡಿಕೊಂಡು ಉಣಿಸಲಿಕ್ಕೆ. ಅವು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಹುಟ್ಟಿದವು. ಕ್ರಾಸಿಂಗ್ ಹೊಲದವಳು, ಮೆಣಸಿನಕಾಯಿ ಅಡ್ಡೆಯವಳು ಇದರೊಳಗೆ ಬರಬೇಕಾದರೆ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು. ಬೀಜ ಬೆಳೆಸುವ ಕಂಪನಿಗಳನ್ನೂ ಮಾರುಕಟ್ಟೆಯ ದಲಾಲರನ್ನೂ ಕೇಳಬೇಕು: ಹಂಗಾಮಿನ ದಿನಗಳಲ್ಲಿ ಒಂದು ನೆರಳು, ಒಬ್ಬ ಆಯಾ, ಕೈ ತೊಳೆಯಲು ನೀರು, ಹಾಲೂಡಿಸಲು ಕೂಲಿ ಮುರಿಯದ ಬಿಡುವು.

ನನ್ನ ಮಾತು ಇಷ್ಟು. ಮುಂದಿನ ಸಾಲಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಕೂತಿದ್ದಾರೆ, ತೋಳಿನ ಅಳತೆಯ ಪಟ್ಟಿಯನ್ನೂ ತಂದಿದ್ದಾರೆ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದ ಕೂಸನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಅವರಿಗೆ ಗೊತ್ತು. ಪ್ರಶ್ನೆಗಳನ್ನು ನನಗಿಂತ ಮೊದಲು ಅವರಿಗೇ ಕೇಳಿ.