ದೊಡ್ಡ ಗಾಲಿ, ಸಣ್ಣ ಗಾಲಿ



ಈ ಉಪನ್ಯಾಸ ಮಾಲೆಯಲ್ಲಿ ನನಗಿಂತ ಮೊದಲು ಬಂದವರು ಶಾಸನ, ವಚನ, ಕಿರಾನಾ ಘರಾಣೆಯ ಬಗ್ಗೆ ಮಾತಾಡಿ ಹೋಗಿದ್ದಾರೆ. ನನ್ನ ಪಾಲಿಗೆ ಬಂದದ್ದು ಗೂಡ್ಸ್ ಗಾಡಿಯ ಎಂಜಿನ್ನು. ಆಮಂತ್ರಣದಲ್ಲಿ ‘ಡಬ್ಲ್ಯುಡಿಜಿ-4ರ ಇತಿಹಾಸ’ ಅಂತ ಅಚ್ಚಾಗಿದೆ. ಇತಿಹಾಸವನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತೇನೆ. ಆಮೇಲೆ ನನ್ನದೊಂದು ಹಳೆಯ ಜಗಳ ಇದೆ, ಅದಕ್ಕೆ ಬರೋಣ.

1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯ ಡಬ್ಲ್ಯುಡಿಎಂ-2 ನಮ್ಮ ದೇಶಕ್ಕೆ ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 2,600 ಅಶ್ವಶಕ್ತಿಯ ಅದು ಕಲ್ಲಿದ್ದಲು, ಗೋಧಿ, ಜನ, ಎಲ್ಲವನ್ನೂ ಎಳೆಯಿತು. 1999ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಎಂಜಿನ್ ವಿಭಾಗವಾಗಿದ್ದ ಇಎಂಡಿಯಿಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಬಂತು. 2002ರಿಂದ ಅದೂ ವಾರಾಣಸಿಯಲ್ಲೇ ತಯಾರಾಗತೊಡಗಿತು. ಅದರ ಮೊದಲ ಮನೆ ನಮ್ಮ ಹುಬ್ಬಳ್ಳಿಯ ಡೀಸೆಲ್ ಎಂಜಿನ್ ಶೆಡ್. ಇತಿಹಾಸ ಮುಗಿಯಿತು.

ಹುಬ್ಬಳ್ಳಿಗೇ ಯಾಕೆ ಕೊಟ್ಟರು? ಕಾರಣ ಘಾಟಿ. ಕುಳೆಯಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ದಾರಿ ನಿಮಗೆ ದೂಧಸಾಗರದ ಫೋಟೊಗಳಿಂದ ಗೊತ್ತಿರುತ್ತದೆ. ನೀವು ಜಲಪಾತ ನೋಡಿರುತ್ತೀರಿ, ನಾವು ಏರು ನೋಡುತ್ತೇವೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಅಂದರೆ ಒಂದು ಟನ್ ಭಾರಕ್ಕೆ ಏರೊಂದಕ್ಕೇ 27 ಕಿಲೊ ಎಳೆತ ಬೇಕು. ಮುರ್ಮಗೋವಾ ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುಟ್ಟಬೇಕಾದರೆ ಈ ಮೆಟ್ಟಿಲು ಹತ್ತಲೇಬೇಕು. ಮುಂದೆ ಎಂಜಿನ್ನುಗಳು, ಹಿಂದಿನಿಂದ ನೂಕಲು ಬ್ಯಾಂಕರುಗಳು.

ಎಂಜಿನ್ ಅಂದಕೂಡಲೇ ಜನ ಅಶ್ವಶಕ್ತಿ ಕೇಳುತ್ತಾರೆ. ಆಲ್ಕೊ ಪ್ರೇಮಿಗಳಂತೂ ಅದರ ಸದ್ದು ಕೇಳಿಯೇ ಕಣ್ಣು ಮುಚ್ಚುತ್ತಾರೆ. ಆದರೆ ನಿಂತ ಗಾಡಿ ಏರಿನಲ್ಲಿ ಕದಲುವಾಗ ಅಶ್ವಶಕ್ತಿಯ ಮಾತೇ ಬರುವುದಿಲ್ಲ. ಅಲ್ಲಿ ಬೇಕಾದದ್ದು ಗಾಲಿಗೂ ಹಳಿಗೂ ನಡುವಿನ ಹಿಡಿತ. ಎರಿಹೊಲ ನೆನೆದಾಗ ಎತ್ತಿನ ಜೋಡಿ ಎಷ್ಟೇ ಜೋರಿನದಿರಲಿ, ಗೊರಸು ಊರದಿದ್ದರೆ ಚಕ್ಕಡಿ ಅಲ್ಲಾಡುವುದಿಲ್ಲ. ಡಬ್ಲ್ಯುಡಿಎಂ-2ರ ತೂಕ ಸುಮಾರು 112 ಟನ್, ಕದಲಿಸುವ ಎಳೆತ 30 ಟನ್ನಿನ ಸುತ್ತಮುತ್ತ. ಡಬ್ಲ್ಯುಡಿಜಿ-4ರ ತೂಕ 126 ಟನ್, ಎಳೆತ 53 ಟನ್. ತೂಕ ಹೆಚ್ಚಾದದ್ದು ಸ್ವಲ್ಪ, ಎಳೆತ ಹೆಚ್ಚಾದದ್ದು ಮುಕ್ಕಾಲು ಪಾಲು. ಇದನ್ನು ಗಿಟ್ಟಿಸಿದ್ದು ಡೀಸೆಲ್ ಅಲ್ಲ, ಕೆಳಗೆ ಗಾಲಿ ಸುತ್ತಿಸುವ ವಿದ್ಯುತ್ ಮೋಟಾರು.

ಹಳೆಯ ಡಿ.ಸಿ. ಮೋಟಾರಿನ ಗಾಲಿ ಜಾರಿತೆಂದರೆ ಗಿರಗಿರನೆ ಸುತ್ತತೊಡಗುತ್ತದೆ. ಬಜರ್ ಕೂಗುತ್ತದೆ, ಲೋಡ್ ಮೀಟರಿನ ಮುಳ್ಳು ಬೀಳುತ್ತದೆ, ಡ್ರೈವರು ನಾಚ್ (ಶಕ್ತಿಯ ಹಂತ) ಇಳಿಸಿ ಹಳಿಯ ಮೇಲೆ ಮರಳು ಬಿಡಬೇಕು. ಹೊಸದರಲ್ಲಿ ಮೂರು ಫೇಸಿನ ಎ.ಸಿ. ಮೋಟಾರು. ಅದಕ್ಕೆ ವಿದ್ಯುತ್ ಒದಗಿಸುವ ಇನ್ವರ್ಟರ್ ಎಷ್ಟು ಆವರ್ತನ ಕೊಡುತ್ತದೋ ಅದನ್ನು ಮೀರಿ ಓಡಲು ಹೋದರೆ ಅದರ ಬಲವೇ ಇಲ್ಲವಾಗುತ್ತದೆ. ಜೊತೆಗೆ ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ರೇಡಾರ್. ವಿಮಾನ ನೋಡಲಿಕ್ಕಲ್ಲ, ಹಳಿಯ ನಡುವಿನ ಜಲ್ಲಿಕಲ್ಲು ನೋಡಲಿಕ್ಕೆ! ನೆಲದ ಮೇಲಿನ ನಿಜವಾದ ವೇಗ ಎಷ್ಟು, ಗಾಲಿಯ ವೇಗ ಎಷ್ಟು ಅಂತ ಕಂಪ್ಯೂಟರು ತಾಳೆ ನೋಡಿ, ಗಾಲಿಯನ್ನು ಒಂಚೂರು ಜಾರುತ್ತಲೇ ಇರುವಂತೆ ಹಿಡಿದಿಡುತ್ತದೆ. ಆ ಒಂಚೂರು ಜಾರಿಕೆಯಲ್ಲೇ ಅತಿ ಹೆಚ್ಚು ಹಿಡಿತ ಸಿಗುವುದು.

ನನಗೆ ಕಲಿಸಿದ ಇನ್‌ಸ್ಟ್ರಕ್ಟರ್ ಒಬ್ಬರಿದ್ದರು. ಮೀಟರ್ ಗೇಜಿನ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತ ಮೇಲೆ ಬಂದವರು. ಪಾಠಕ್ಕೆ ಮುಂಚೆ ನಮ್ಮನ್ನು ಯಾರ್ಡಿಗೆ ಕರೆದೊಯ್ದು ಹಳಿಯ ಮೇಲೆ ಅಂಗೈ ಇಡಿಸುತ್ತಿದ್ದರು. “ಧೋ ಅಂತ ಮಳಿ ಬಂದ್ರ ಹೆದರಬ್ಯಾಡ್ರಿ, ಹಳಿ ತೊಳದು ಹೋಗತದ. ಜಿಟಿಜಿಟಿ ಹನಿ ಬಿದ್ದಾಗ ಹೆದರ್ರಿ” ಅನ್ನುವರು. ಹಳಿಯ ಮೇಲಿನ ಧೂಳಿಗೆ ನಾಲ್ಕು ಹನಿ ಬಿದ್ದರೆ ಅದು ಲೇಪವಾಗುತ್ತದೆ. ಯಾವ ಪುಸ್ತಕದಲ್ಲೂ ನನಗೆ ಇದು ಇಷ್ಟು ಸರಿಯಾಗಿ ಸಿಕ್ಕಿಲ್ಲ. ಹೊಸ ಎಂಜಿನ್ ಬಂದಾಗ ಅವರು ನಿವೃತ್ತರಾಗಿದ್ದರು. ಶೆಡ್ಡಿಗೆ ಬಂದು ಒಂದು ಸುತ್ತು ಹಾಕಿ, “ಇನ್ನ ಡ್ರೈವರನ ಕೈಗೆ ಏನ್ ಕೆಲಸ ಐತಪಾ?” ಅಂತ ಕೇಳಿದರು.

ನನ್ನ ಜಗಳ ಶುರುವಾಗುವುದು ಇಲ್ಲಿಂದ. ಈ ಎಂಜಿನ್ನಿಗೆ ಎರಡು ಬೋಗಿ. ನೀವು ಡಬ್ಬಿಗೆ ಬೋಗಿ ಅನ್ನುತ್ತೀರಿ; ಶೆಡ್ಡಿನಲ್ಲಿ ಬೋಗಿ ಅಂದರೆ ಮೂರು ಜೋಡಿ ಗಾಲಿಗಳ ಚೌಕಟ್ಟು. ಇಎಂಡಿ ಮತ್ತು ಸೀಮೆನ್ಸ್ ಸೇರಿ ಒಂದು ಬೋಗಿಗೆ ಒಂದೇ ಇನ್ವರ್ಟರ್ ಇಟ್ಟರು. 1990ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಪ್ರತಿಸ್ಪರ್ಧಿ ಜಿಇ ಕಂಪನಿ ಅದು ಸಾಲದೆಂದು ಒಂದೊಂದು ಅಚ್ಚಿಗೂ ಒಂದೊಂದು ಇನ್ವರ್ಟರ್ ಕೊಟ್ಟಿತು. ನನ್ನ ಪಕ್ಷ ಇಎಂಡಿಯದು, ಆದರೂ ಜಿಇ ಪರವಾಗಿ ಹೇಳಲು ಬಹಳ ಇದೆ. ಇಎಂಡಿಯಲ್ಲಿ ಒಂದು ಇನ್ವರ್ಟರ್ ಕೈಕೊಟ್ಟರೆ ಅರ್ಧ ಎಳೆತ ಹೋಯಿತು, ಜಿಇಯಲ್ಲಿ ಆರರಲ್ಲಿ ಒಂದು ಪಾಲು ಮಾತ್ರ. ಘಾಟಿಯ ನಡುವೆ ನಿಂತವನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಪ್ರೀತಿಯದು. ಮೂರು ಮೋಟಾರಿಗೂ ಒಂದೇ ಆವರ್ತನ ಹೋಗುತ್ತದಲ್ಲ? ಮೂರು ಗಾಲಿಗಳಲ್ಲಿ ಒಂದು ಸ್ವಲ್ಪ ದೊಡ್ಡದಿದ್ದರೆ ಅದು ಅದೇ ದಾರಿಗೆ ನಿಧಾನ ಸುತ್ತುತ್ತದೆ. ನಿಧಾನ ಸುತ್ತಿದ ಮೋಟಾರು ಹೆಚ್ಚು ಹೊರೆ ಹೊರುತ್ತದೆ, ಸಣ್ಣ ಗಾಲಿಯದು ಮೈಗಳ್ಳತನ ಮಾಡುತ್ತದೆ. ಇಳಿಯುವಾಗ, ಮೋಟಾರುಗಳೇ ಬ್ರೇಕ್ ಆದಾಗ, ಪಾತ್ರ ತಿರುವುಮುರುವು: ಸಣ್ಣದು ದುಡಿಯುತ್ತದೆ, ದೊಡ್ಡದು ಆರಾಮ. ಮೇಲಕ್ಕೆ ಕಲ್ಲಿದ್ದಲು ತರುವಾಗ ಒಬ್ಬ, ಕೆಳಕ್ಕೆ ಅದಿರು ಒಯ್ಯುವಾಗ ಇನ್ನೊಬ್ಬ! ಅದಕ್ಕೇ ಒಂದು ಬೋಗಿಯ ಗಾಲಿಗಳ ವ್ಯಾಸ ತಾಳೆಯಾಗಲೇಬೇಕು. ಹೊಸ ಗಾಲಿ 1,092 ಮಿಲಿಮೀಟರ್. ಘಾಟಿಯ ತಿರುವಿನಲ್ಲಿ ಒಂದು ಗಾಲಿಯ ಫ್ಲ್ಯಾಂಜ್ (ಅಂಚಿನ ಏಣು) ಸವೆದರೆ ಅದನ್ನು ಹೆರೆಯಲು ಗುಂಡಿಯಲ್ಲಿರುವ ಪಿಟ್ ಲೇತಿಗೆ ತರಬೇಕು. ಅದರ ಜೊತೆಗೆ ಉಳಿದೆರಡರ ಒಳ್ಳೆಯ ಉಕ್ಕನ್ನೂ ಹೆರೆಯಬೇಕು. ಲೇತಿನವನು ಗೇಜ್ ಹಿಡಿದು ಅಳೆದು, ಚಾಕ್‌ಪೀಸಿನಲ್ಲಿ ಗಾಲಿಯ ಮೇಲೆ ಅಂಕಿ ಬರೆದು, ಮತ್ತೆ ಅಳೆಯುತ್ತಾನೆ. ಸುರುಳಿ ಸುರುಳಿಯಾಗಿ ನೀಲಿಗಟ್ಟಿದ ಉಕ್ಕಿನ ಹೆರೆ ಗುಂಡಿಗೆ ಬೀಳುತ್ತದೆ. ಲೆಕ್ಕದವರು ಅದನ್ನು ನಷ್ಟ ಅನ್ನುತ್ತಾರೆ.

ಡ್ರೈವರನ ಕೈಗೆ ಏನು ಕೆಲಸ ಅಂತ ಕೇಳಿದ ಆ ಗುರುಗಳಿಗೆ ನಾನು ಹೇಳಿದ್ದು ಇಷ್ಟೇ: ಸರ್, ಕೈ ಎಲ್ಲಿಗೂ ಹೋಗಿಲ್ಲ, ಕ್ಯಾಬಿನಿಂದ ಇಳಿದು ಲೇತಿನ ಗುಂಡಿಗೆ ಬಂದಿದೆ. ಘಾಟಿಯ ಹಿಡಿತ ಈಗ ಅಲ್ಲಿದೆ. ಅವರು ನಕ್ಕರು, ಒಪ್ಪಲಿಲ್ಲ. “ಡ್ರೈವರ ತಪ್ಪಿದ್ರ ಅಲ್ಲೇ ಗೊತ್ತಾಗತದ. ಇವಂದು ಯಾರಿಗೆ ಗೊತ್ತಾಗತದ?” ಅಂದರು.

ಆಮೇಲೆ ಏನಾಯಿತು? ಬಿಹಾರದ ಮಢೌರಾದಲ್ಲಿ ಜಿಇ ಕಾರ್ಖಾನೆ ಬಂತು, 4,500 ಅಶ್ವಶಕ್ತಿಯ ಡಬ್ಲ್ಯುಡಿಜಿ-4ಜಿ ಅಚ್ಚಿಗೊಂದು ಇನ್ವರ್ಟರ್ ಹೊತ್ತುಕೊಂಡೇ ಬಂತು. ಅಮೆರಿಕದಲ್ಲಿ ಇಎಂಡಿಯೂ ತನ್ನ ಹೊಸ ಎಸ್‌ಡಿ70ಎಸಿಇ-ಟಿ4ರಲ್ಲಿ ಅದೇ ದಾರಿ ಹಿಡಿಯಿತು. ಕಂಪನಿಗಳ ಮಟ್ಟಿಗೆ ಜಗಳ ತೀರಿದೆ. ನನ್ನ ಗೆಳೆಯರು ಇದನ್ನು ನನಗೆ ಆಗಾಗ ನೆನಪಿಸುತ್ತಾರೆ. ಕೆಟ್ಟರೆ ರಿಪೇರಿ ಮಾಡಲು ಎರಡೇ ಪೆಟ್ಟಿಗೆ, ಬಿಡಿಭಾಗ ಕಡಿಮೆ, ಅಂತ ನಾನೂ ಹಟ ಬಿಡುವುದಿಲ್ಲ.

ಈಗ ನಾನು ನಿಮ್ಮನ್ನು ಕೇಳಬೇಕಾದದ್ದಿದೆ. ಒಳ್ಳೆಯ ಉಕ್ಕನ್ನು ಹೆರೆದು ಹಾಕುವ ವಿನ್ಯಾಸವನ್ನು ಇಷ್ಟು ವರ್ಷ ನಾನು ಸಮರ್ಥಿಸಿದ್ದು ಎಂಜಿನ್ನಿಗಾಗಿಯೋ, ಆ ಗುಂಡಿಯಲ್ಲಿ ನಿಂತ ಮನುಷ್ಯನಿಗಾಗಿಯೋ? ಅಚ್ಚಿಗೊಂದು ಇನ್ವರ್ಟರ್ ಬಂದ ಮೇಲೂ ಲೇತು ಇದ್ದೇ ಇದೆ, ಆದರೆ ಅವನು ಗೇಜ್ ಹಿಡಿದು ತಾಳೆ ನೋಡುವ ಅರ್ಧ ಮಿಲಿಮೀಟರಿಗೆ ಮೊದಲಿನ ಬೆಲೆ ಉಳಿದೀತೆ? ಗುರುಗಳು ಹೇಳಿದ ಹಾಗೆ, ತಪ್ಪಿದಾಗ ಗೊತ್ತಾಗದ ಕೆಲಸವನ್ನು ಕೈಚಳಕ ಅನ್ನಬಹುದೆ? ಸಭೆಯ ಹಿಂದಿನ ಸಾಲಿನಲ್ಲಿ ನಮ್ಮ ಶೆಡ್ಡಿನವರು ಇಬ್ಬರು ಕೂತಿದ್ದಾರೆ. ಅವರಲ್ಲೊಬ್ಬರು ಲೇತಿನವರೇ. ಮೊದಲು ಅವರು ಮಾತಾಡಲಿ.