ಅಳಿವೆಯ ನೀರು ಮತ್ತು ಗ್ರಾಮ ಪಂಚಾಯತ್‌ನ ಹೊಣೆ



ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಸಿಗಡಿ ಹೊಂಡ, ಗಜನಿ ಗದ್ದೆ ಮತ್ತು ಬೆಳಚು ಆಯುವ ತಾಣಗಳು ಒಂದೇ ಉಬ್ಬರವಿಳಿತದ ನೀರನ್ನು ಹಂಚಿಕೊಂಡಿವೆ. ಒಬ್ಬರು ಬಿಟ್ಟ ಕೊಳೆ ಇನ್ನೊಬ್ಬರ ಅನ್ನವನ್ನು ಮುಟ್ಟುತ್ತದೆ. ಆದುದರಿಂದ ಈ ನೀರಿನ ರೋಗಕಾರಕ ಬ್ಯಾಕ್ಟೀರಿಯಾಗಳ ವಿಚಾರವು ಕೃಷಿಕರದ್ದಷ್ಟೇ ಅಲ್ಲ, ಪಂಚಾಯತ್‌ನದೂ ಹೌದು.

ಇವು ಎರಡು ಬಗೆ. ಮೊದಲನೆಯದು ವಿಬ್ರಿಯೊ, ಉಪ್ಪುನೀರೇ ಇದರ ತವರು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದ 272 ಮಂದಿ ಅಸ್ವಸ್ಥರಾಗಿ, 20 ಮಂದಿ ಮೃತಪಟ್ಟಾಗ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಪತ್ತೆಯಾಯಿತು. ಇದರ ಕೆಲವು ತಳಿಗಳು ಸಿಗಡಿಯ ಜೀರ್ಣಗ್ರಂಥಿಯನ್ನು ನಾಶಪಡಿಸಿ, ಮರಿ ಬಿಟ್ಟ ಮೊದಲ ವಾರಗಳಲ್ಲಿಯೇ ಹೊಂಡವನ್ನು ಬರಿದುಮಾಡುತ್ತವೆಂಬುದು 2013ರಲ್ಲಿ ದೃಢಪಟ್ಟಿತು. ನೀರು ಬೆಚ್ಚಗಾದಷ್ಟೂ, ತಳದಲ್ಲಿ ಉಳಿದ ಆಹಾರ ಕೊಳೆತಷ್ಟೂ ಇದು ಹೆಚ್ಚುತ್ತದೆ. ಇದನ್ನು ಕಡಲಿನಿಂದ ಹೊರಹಾಕಲಾಗದು, ಹೊಂಡದಲ್ಲಿ ಹತೋಟಿಯಲ್ಲಿಡಬಹುದು.

ಎರಡನೆಯದಾದ ಇ. ಕೋಲಿ, ಸಾಲ್ಮೊನೆಲ್ಲಾಗಳು ದಡದಿಂದ ಬರುತ್ತವೆ. ಕರಾವಳಿಯಲ್ಲಿ ಅಂತರ್ಜಲ ಮೇಲ್ಮಟ್ಟದಲ್ಲಿರುವುದರಿಂದ ಮಳೆಗಾಲದಲ್ಲಿ ಶೌಚಗುಂಡಿಗಳು ತುಂಬಿ ಹಳ್ಳ ಸೇರುತ್ತವೆ. ಬೆಳಚು ದಿನವಿಡೀ ನೀರು ಸೋಸಿ ಬದುಕುವ ಜೀವಿ. ನೀರಿನಲ್ಲಿದ್ದ ರೋಗಾಣು ಅದರ ಒಡಲಿನಲ್ಲಿ ಸಾಂದ್ರವಾಗುತ್ತದೆ. ಅದನ್ನು ಆಯ್ದು ಮಾರುವ ಮಹಿಳೆಯರ ಸರಕಿನ ಮೇಲೆ ಒಮ್ಮೆ ಅಪನಂಬಿಕೆ ಮೂಡಿದರೆ, ಅವರು ಮಾಡದ ತಪ್ಪಿಗೆ ಅವರೇ ದಂಡ ತೆರಬೇಕಾಗುತ್ತದೆ.

ಸ್ನಾನ ಹಾಗೂ ವಾಣಿಜ್ಯ ಮೀನುಗಾರಿಕೆಯ ಕಡಲ ನೀರಿನಲ್ಲಿ 100 ಮಿಲಿಲೀಟರ್‌ಗೆ ಮಲಜನ್ಯ ಕೋಲಿಫಾರ್ಮ್ ಸರಾಸರಿ 100 ಮೀರಬಾರದೆಂಬ ಮಾನದಂಡವಿದೆ. ಶೌಚಾಲಯಗಳ ಸಂಖ್ಯೆ ಪೂರ್ಣವಾದರೂ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಸದಸ್ಯರು ತಮ್ಮ ವಾರ್ಡುಗಳಲ್ಲಿ ಕೈಗೊಳ್ಳಬಹುದಾದ ಕಾರ್ಯಗಳು ಹೀಗಿವೆ:

1. ಹಳ್ಳ, ಅಳಿವೆಗಳ ಅಂಚಿನ ಶೌಚಗುಂಡಿಗಳನ್ನು ಮಳೆಗಾಲಕ್ಕೆ ಮುನ್ನ ಪಟ್ಟಿಮಾಡಿ, ಸೋರುವವುಗಳನ್ನು ದುರಸ್ತಿಗೊಳಿಸುವುದು. ಮಲತ್ಯಾಜ್ಯವನ್ನು ನಿರ್ವಹಣಾ ಘಟಕಕ್ಕೇ ಸಾಗಿಸುವಂತೆ ನೋಡಿಕೊಳ್ಳುವುದು.

2. ಸಿಗಡಿ ಹೊಂಡಗಳು 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯಡಿ ನೋಂದಣಿಯಾಗಿವೆಯೇ ಎಂದು ಪರಿಶೀಲಿಸುವುದು.

3. ರೋಗ ತಗಲಿದ ಹೊಂಡದ ನೀರನ್ನು ಬ್ಲೀಚಿಂಗ್ ಪುಡಿಯಿಂದ ಸಂಸ್ಕರಿಸದೆ ಹೊರಬಿಡದಂತೆ ಕೃಷಿಕರಿಗೆ ತಿಳಿಹೇಳುವುದು. ನಿಷೇಧಿತ ಪ್ರತಿಜೀವಕಗಳ ಬಳಕೆ ಕಾನೂನುಬಾಹಿರ. ಅದು ಔಷಧಕ್ಕೆ ಬಗ್ಗದ ರೋಗಾಣುಗಳನ್ನೂ ಬೆಳೆಸುತ್ತದೆ.

4. ಹಿಡಿದ ಮೀನನ್ನು ಕೂಡಲೇ ಮಂಜುಗಡ್ಡೆಯಲ್ಲಿಡುವ, ಚಿಪ್ಪುಮೀನನ್ನು ಚೆನ್ನಾಗಿ ಬೇಯಿಸುವ ಬಗ್ಗೆ ಸ್ವಸಹಾಯ ಸಂಘಗಳಲ್ಲಿ ಅರಿವು ಮೂಡಿಸುವುದು.

ನೀರಿಗೆ ವಾರ್ಡಿನ ಗಡಿ ತಿಳಿಯದು. ಮೇಲಿನ ಗ್ರಾಮ ತಡೆದ ಕೊಳೆಯೇ ಕೆಳಗಿನ ಗ್ರಾಮಕ್ಕೆ ದೊರೆತ ರಕ್ಷಣೆ. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ನೆರೆಯ ಪಂಚಾಯತ್‌ಗಳೊಡನೆ ಸಮಾಲೋಚಿಸಿ ನಿರ್ಣಯ ಕೈಗೊಳ್ಳುವುದು ಉಚಿತ.