ಬೇವಿನ ಕಹಿ ಮೈಗೆಷ್ಟು, ಹೊಟ್ಟೆಗೆಷ್ಟು



ನಮ್ಮ ಯಾಪಲದಿನ್ನಿ ಕಡೆ ಕನ್ನಡವೂ ನಡೀತದೆ, ತೆಲುಗೂ ನಡೀತದೆ. ತೆಲುಗರ ಬಾಯಲ್ಲಿ ಯಾಪ ಎಂದರೆ ಬೇವು. ತುರಿಕೆಗೆ ಬೇವಿನ ತೊಪ್ಪಲಿನ ನೀರು, ದನದ ಗಾಯಕ್ಕೆ ಬೇವಿನ ಎಣ್ಣೆ, ಇದು ನಿಮಗೆ ಯಾರೂ ಕಲಿಸಬೇಕಾದ್ದಲ್ಲ. ಆ ಕಹಿಯೊಳಗೆ ಏನೈತಿ ಅಂಬುದನ್ನು ಈ ಹೊತ್ತು ನೋಡೋಣ.

1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಖಿ ಎಂಬ ರಸಾಯನ ಶಾಸ್ತ್ರಜ್ಞರು ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿ ವಸ್ತುಗಳನ್ನು ಬೇರ್ಪಡಿಸಿದರು. 1968ರಲ್ಲಿ ಬೀಜದಿಂದ ಅಜಾಡಿರಾಕ್ಟಿನ್ ದೊರೆಯಿತು. ಇದು ಮುಖ್ಯವಾಗಿ ಬೆಳೆಯ ಹುಳುವಿನ ವೈರಿ. ಹುಳು ಮೇವು ಬಿಡುತ್ತದೆ, ಪೊರೆ ಕಳಚಲಾರದೆ ಸಾಯುತ್ತದೆ. ರೋಗಾಣುಗಳನ್ನು ತಡೆಯುವವು ಬೇರೆ. ಎಣ್ಣೆಯ ನಿಂಬಿಡಿನ್, ತೊಪ್ಪಲಿನ ನಿಂಬೊಲೈಡ್ ಅಂಥವು.

ಇದನ್ನು ಪರೀಕ್ಷಿಸುವ ಬಗೆ ಸುಲಭ. ಗಾಜಿನ ತಟ್ಟೆಯಲ್ಲಿ ಅಂಬಲಿ ಹೆಪ್ಪುಗಟ್ಟಿದಂಥ ಆಹಾರ ಹಾಕಿ ರೋಗಾಣು ಬೆಳೆಸುತ್ತಾರೆ. ನಡುವೆ ಬೇವಿನ ಸತ್ವದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರೆ. ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಉಂಗುರದಂತೆ ಜಾಗ ಖಾಲಿ ಉಳಿದರೆ ಸತ್ವಕ್ಕೆ ಬಲವಿದೆ ಎಂದು ಅರ್ಥ. ಗಾಯದಲ್ಲಿ ಕೀವು ತರುವ ಸ್ಟೆಫಿಲೊಕಾಕಸ್ ಮೇಲೆ ಹೀಗೆ ಉಂಗುರ ಮೂಡಿದ್ದುಂಟು.

ಆದರೆ ಒಂದು ಮಾತು. ಅಲ್ಲಿ ಬಹಳ ಸಲ ಸತ್ವ ತೆಗೆಯುವುದು ಸ್ಪಿರಿಟ್ಟಿನಿಂದ. ನೀವು ಒಲೆಯ ಮೇಲೆ ಕುದಿಸಿದ ನೀರಿಗೆ ಆ ಕಹಿಯೆಲ್ಲ ಇಳಿಯುವುದಿಲ್ಲ. ತಟ್ಟೆಯೇ ಬೇರೆ, ಮನುಷ್ಯನ ಮೈಯೇ ಬೇರೆ. ಮೈ ತೊಳೆಯಲು ತೊಪ್ಪಲಿನ ನೀರು ಬಳಸಿರಿ, ಬೇಡವೆನ್ನೆ. ಗಾಯ ಬಾತು ಜ್ವರ ಬಂದರೆ ಮಾತ್ರ ದವಾಖಾನೆಗೆ ನಡೆಯಿರಿ.

ಇನ್ನು ಎಣ್ಣೆ. ಹೊಟ್ಟೆಹುಳಕ್ಕೆ, ನೆಗಡಿಗೆ ಎಂದು ಕೂಸಿಗೆ ಬೇವಿನ ಎಣ್ಣೆ ಕುಡಿಸುವ ರೂಢಿ ಕೆಲವು ಮನೆಗಳಲ್ಲಿ ಉಂಟು. ತಾಯಂದಿರೆ, ಇದೊಂದನ್ನು ಬಿಡಬೇಕು. ಮಲೇಷ್ಯಾದಲ್ಲಿ ಹೀಗೆ ಎಣ್ಣೆ ಕುಡಿದ ಕೂಸುಗಳಿಗೆ ವಾಂತಿ, ಮಂಪರು, ಏದುಸಿರು, ಫಿಟ್ಸ್ ಬಂದುದನ್ನು ವೈದ್ಯರು 1981ರಲ್ಲೇ ಬರೆದಿಟ್ಟಿದ್ದಾರೆ. ಯಕೃತ್ತಿಗೂ ಮಿದುಳಿಗೂ ಪೆಟ್ಟು ಬೀಳುತ್ತದೆ, ಜೀವಕ್ಕೇ ಅಪಾಯ. ಅಜ್ಜಿ ಕುಡಿಸಿದ್ದಳು, ನಮಗೇನೂ ಆಗಲಿಲ್ಲ ಅಂತೀರಿ. ಬದುಕಿದವರು ಹೇಳುವ ಮಾತದು.

ಎಣ್ಣೆಯ ಶೀಸೆಯನ್ನು ಅಡಿಗೆ ಎಣ್ಣೆಯ ಹತ್ತಿರ ಇಡಬೇಡಿರಿ. ಕೂಸು ಅಕಸ್ಮಾತ್ ಕುಡಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿರಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ತಡಮಾಡದೆ ದವಾಖಾನೆಗೆ ಒಯ್ಯಿರಿ, ಶೀಸೆಯೂ ಜೊತೆಗಿರಲಿ.